ಎಂಟು ರೂಪಾಯಿಯ ಲಾಠಿ

ಹೋದ ತಿಂಗಳು ನಮ್ಮ ಕೂಟದಲ್ಲಿ ಕಥೆ ಓದಿದ ಮೇಲೆ ಚರ್ಚೆ ಎಲ್ಲೆಲ್ಲಿಗೋ ಹೋಗಿ ಕೊನೆಗೆ ಪೋಲೀಸರ ಹತ್ತಿರ ಬಂದು ನಿಂತಿತು. ಕಥೆಯಲ್ಲಿ ಒಬ್ಬ ಪೇದೆ ಬರುತ್ತಾನೆ. ಎಲ್ಲ ಕಥೆಗಳ ಪೇದೆಯ ಹಾಗೆ ಇವನಿಗೂ ಹೊಟ್ಟೆ ಇದೆ, ಮೀಸೆ ಇದೆ, ಬೀಡಾ ಅಂಗಡಿಯವನ ಹತ್ತಿರ ದುಡ್ಡು ಕೊಡದೆ ಸಿಗರೇಟು ತಗೊಳ್ಳುತ್ತಾನೆ. ನಮ್ಮ ಗೆಳತಿಯೊಬ್ಬರು, "ಓದು ತಲೆಗೆ ಹತ್ತದವರೆಲ್ಲ ಪೋಲೀಸರಾಗ್ತಾರೆ, ಇನ್ನೇನು ಮಾಡ್ತಾರೆ ಪಾಪ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಮಧುರವಾಡಕ್ಕೆ ವಾಪಸು ಬರುವ ಬಸ್ಸಿನಲ್ಲಿ ಆ ನಗು ಗಂಟಲಲ್ಲಿ ಸಿಕ್ಕಿಕೊಂಡ ಹಾಗಾಯಿತು.

ಕಾರಣ ಹೇಳಿಬಿಡ್ತೀನಿ. ನಮ್ಮ ಮನೆತನದಲ್ಲಿ ಇಬ್ಬರು ಪೋಲೀಸರು. ಒಬ್ಬರು ನಮ್ಮ ಅಜ್ಜನ ಅಪ್ಪ, ಬಳ್ಳಾರಿ ಜಿಲ್ಲೆಯಲ್ಲಿ ಕಾನ್‌ಸ್ಟೇಬಲ್ ಆಗಿದ್ದವರು. ಇನ್ನೊಬ್ಬ ನಮ್ಮ ದೊಡ್ಡಪ್ಪನ ಮಗ, ಈಗ ಕರ್ನಾಟಕದಲ್ಲಿ ಕಾನ್‌ಸ್ಟೇಬಲ್. ಮೂರನೆಯವನು ನಾನಾಗಬೇಕು ಅಂತ ನಮ್ಮಪ್ಪನ ಆಸೆ. ಅಪ್ಪ ಇಲ್ಲಿ ಮಧುರವಾಡದ ಒಂದು ಹೋಟೆಲಿನಲ್ಲಿ ದೋಸೆ ಮಾಸ್ತರು. ಹತ್ತನೇ ತರಗತಿಯವರೆಗೆ ಊರಲ್ಲಿ ಕನ್ನಡ ಮೀಡಿಯಂನಲ್ಲಿ ಓದಿ, ಇಲ್ಲಿಗೆ ಬಂದು ಇಂಟರ್‌ಮೀಡಿಯೆಟ್ ಮುಗಿಸಿ, ಈಗ ಬಿ.ಕಾಂ.ನಲ್ಲಿ ಡೆಬಿಟ್ಟು ಕ್ರೆಡಿಟ್ಟು ಅಂತ ಒದ್ದಾಡುತ್ತಿರುವ ನನ್ನ ಮುಂದೆ ಎರಡು ಅರ್ಜಿ ಇವೆ. ಒಂದು ಗುಮಾಸ್ತನ ಕೆಲಸದ್ದು, ಒಂದು ಪೋಲೀಸರದ್ದು. ಎರಡಕ್ಕೂ ನನ್ನ ಹತ್ತಿರ ಇರುವ ಓದು ಒಂದೇ. ಹಾಗಾದರೆ ಒಂದು ಅರ್ಜಿ ತುಂಬಿದರೆ ಓದು ತಲೆಗೆ ಹತ್ತಿದವನು, ಇನ್ನೊಂದು ತುಂಬಿದರೆ ಹತ್ತದವನು ಹೇಗೆ ಆಗ್ತೀನಿ? ಈ ಪ್ರಶ್ನೆ ಹಿಡಿದುಕೊಂಡು ಎರಡು ವಾರ ಲೈಬ್ರರಿಯಲ್ಲಿ ಕೂತೆ. ಸಿಕ್ಕಿದ್ದನ್ನು ಬರೆಯುತ್ತಿದ್ದೇನೆ. ಕಾಮರ್ಸಿನವನಾದ್ದರಿಂದ ಲೆಕ್ಕ ಜಾಸ್ತಿ ಬರ್ತದೆ, ಸಾಹಿತ್ಯಪ್ರಿಯರು ಕ್ಷಮಿಸಬೇಕು.

ಮೊದಲು ಒಂದು ವಿಷಯ. ನಮ್ಮಲ್ಲಿ ಕೆಲವರಿಗೆ ವಿಶಾಖಪಟ್ಟಣ ಅಂದರೆ ಪರದೇಶ, ಬಳ್ಳಾರಿ ಮಂಗಳೂರು ಅಂದರೆ ನಮ್ಮದು. ಆದರೆ ಪೋಲೀಸರ ಮಟ್ಟಿಗೆ ಈ ಮೂರೂ ಒಂದೇ ಮನೆ. ವಿಶಾಖಪಟ್ಟಣ, ಬಳ್ಳಾರಿ, ದಕ್ಷಿಣ ಕನ್ನಡ ಮೂರೂ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಒಂದೇ ಕಾಯಿದೆ, ಮದ್ರಾಸಿನಲ್ಲಿ ಕೂತ ಒಬ್ಬನೇ ಇನ್‌ಸ್ಪೆಕ್ಟರ್ ಜನರಲ್. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾಗಿ ಈ ಊರು ಆ ಕಡೆ ಹೋಯಿತು, ಅದೇ ದಿನ ಬಳ್ಳಾರಿ ಮೈಸೂರಿಗೆ ಬಂತು. ಅಲ್ಲಿಯವರೆಗೆ ಬಳ್ಳಾರಿ ಠಾಣೆಯ ನಮ್ಮ ಮುತ್ತಜ್ಜನೂ ಭೀಮಿಲಿ ಠಾಣೆಯ ತೆಲುಗು ಪೇದೆಯೂ ಒಂದೇ ಇಲಾಖೆಯ ಆಳುಗಳು. ಹಾಗಾಗಿ ಇದು ಇಬ್ಬರ ಕಥೆಯೂ ಹೌದು.

ಬ್ರಿಟಿಷರ ಮೊದಲ ಕಾಲದಲ್ಲಿ ನಮ್ಮ ಕಡೆ ಪೋಲೀಸ್ ಅಂತ ಬೇರೆ ಇಲಾಖೆಯೇ ಇರಲಿಲ್ಲ. ದತ್ತ ಮಂಡಲದಲ್ಲಿ ಏಳು ವರ್ಷ ಇದ್ದು ರೈತವಾರಿ ಪದ್ಧತಿ ಕಟ್ಟಿದ ಥಾಮಸ್ ಮನ್ರೋನ ಒತ್ತಾಯದಿಂದ 1816ರಲ್ಲಿ ಒಂದು ರೆಗ್ಯುಲೇಷನ್ ಬಂತು. ಅದರ ಪ್ರಕಾರ ಕಂದಾಯ ವಸೂಲಿ ಮಾಡುವ ತಹಸೀಲ್ದಾರನೇ ಪೋಲೀಸ್ ಮುಖ್ಯಸ್ಥ, ಹಳ್ಳಿಯಲ್ಲಿ ಗೌಡ ಮತ್ತು ತಳವಾರ ಅವನ ಕೈಕಾಲು. ಖರ್ಚು ಕಡಿಮೆ! ಒಬ್ಬನೇ ಮನುಷ್ಯನ ಒಂದು ಕೈಯಲ್ಲಿ ಲೆಕ್ಕದ ಪುಸ್ತಕ, ಇನ್ನೊಂದು ಕೈಯಲ್ಲಿ ದೊಣ್ಣೆ. ಕಂದಾಯ ಕಟ್ಟದ ರೈತನನ್ನು ಏನು ಮಾಡಿದರು ಎಂಬುದು 1855ರ ಮದ್ರಾಸ್ ಚಿತ್ರಹಿಂಸೆ ಆಯೋಗದ ವರದಿಯಲ್ಲಿ ದಾಖಲಾಗಿದೆ. ಬಿಸಿಲಲ್ಲಿ ನಿಲ್ಲಿಸೋದು, ಕತ್ತು ಬಗ್ಗಿಸಿ ಕಾಲಿಗೆ ಕಟ್ಟೋದು, ಎರಡು ಕೋಲಿನ ನಡುವೆ ಬೆರಳು ಹಾಕಿ ಹಿಂಡೋದು. ಅದಕ್ಕೆ ಕಿಟ್ಟಿ ಅಂತ ಹೆಸರು. ಇಲ್ಲಿ ಗಮನಿಸಬೇಕಾದ್ದು, ಹೀಗೆ ಮಾಡಿಸಿದವನು ತಹಸೀಲ್ದಾರ. ಅಂದರೆ ತಾಲ್ಲೂಕಿನಲ್ಲೇ ಹೆಚ್ಚು ಓದಿಕೊಂಡ, ಹೆಚ್ಚು ಸಂಬಳದ ದೇಶೀಯ ಅಧಿಕಾರಿ. ಪೋಲೀಸಿನವನಿಗೆ ಹೊಡೆಯೋದು ಹುಟ್ಟುಗುಣ ಅನ್ನುವವರು ಈ ವರದಿಯ ಬಗ್ಗೆ ಒಮ್ಮೆ ಯೋಚಿಸಬೇಕು. ದೊಣ್ಣೆ ಮೊದಲು ರೆವಿನ್ಯೂ ಇಲಾಖೆಯಲ್ಲಿತ್ತು.

ಆಮೇಲೆ 1859ರಲ್ಲಿ ಮದ್ರಾಸಿನ ಪೋಲೀಸ್ ಕಾಯಿದೆ ಬಂದು ಇಲಾಖೆ ಬೇರೆಯಾಯಿತು. ಇಡೀ ಬ್ರಿಟಿಷ್ ಇಂಡಿಯಾದ 1861ರ ಕಾಯಿದೆಗಿಂತ ಎರಡು ವರ್ಷ ಮೊದಲು. ಮಾದರಿ ಎಲ್ಲಿಯದು ಅಂದರೆ ಐರ್ಲೆಂಡಿನದು. ಲಂಡನ್ ಊರಿನ ಪೋಲೀಸಿನದಲ್ಲ, ತಾವು ಗೆದ್ದು ಹಿಡಿದಿಟ್ಟುಕೊಂಡ ಇನ್ನೊಂದು ದೇಶದ್ದು. ಮೇಲೆ ಯುರೋಪಿಯನ್ ಸೂಪರಿಂಟೆಂಡೆಂಟ್, ಕೆಳಗೆ ಕವಾಯತು ಮಾಡುವ ಕರಿಯ ಕಾನ್‌ಸ್ಟೇಬಲ್. ಇವನಿಗೆ ಎಷ್ಟು ಕೊಡಬೇಕು? 1860ರ ಪೋಲೀಸ್ ಆಯೋಗದ ಮುಂದೆ ಈ ಪ್ರಶ್ನೆ ಬಂದಾಗ ಅವರು ಹಿಡಿದ ಅಳತೆಗೋಲು ಏನು ಗೊತ್ತೇ? ಕುಶಲ ಕೆಲಸ ಬಾರದ ಕೂಲಿಯವನಿಗೆ ಸಿಗುವುದಕ್ಕಿಂತ ತುಸು ಮೇಲೆ. ಅಷ್ಟೇ. ಕಮ್ಮಾರನಿಗೂ ಹೋಲಿಸಲಿಲ್ಲ, ಬಡಗಿಗೂ ಹೋಲಿಸಲಿಲ್ಲ, ಕಚೇರಿಯ ಗುಮಾಸ್ತನ ಮಾತಂತೂ ದೂರ. ಮಣ್ಣು ಹೊರುವವನ ಪಕ್ಕದಲ್ಲಿ ನಿಲ್ಲಿಸಿ ಅವನಿಗಿಂತ ಒಂದಿಂಚು ಎತ್ತರ ಮಾಡಿದರು.

ನನ್ನ ವಾದವೆಲ್ಲ ಇಲ್ಲೇ ಇದೆ. ಓದಿಲ್ಲದವರು ಬಂದರು, ಆದ್ದರಿಂದ ಸಂಬಳ ಕಡಿಮೆ ಆಯಿತು ಅಂತ ನಾವು ತಿಳಿದಿದ್ದೇವೆ. ನಡೆದದ್ದು ತಿರುಗಾಮುರುಗಾ. ಸಂಬಳವನ್ನು ಮೊದಲು ಕೂಲಿಯ ಲೆಕ್ಕದಲ್ಲಿ ನಿಗದಿ ಮಾಡಿದರು. ಆ ಸಂಬಳಕ್ಕೆ ಎಂಥವನು ಬರ್ತಾನೋ ಅವನನ್ನೇ ಅರ್ಹ ಅಂದರು. ಎತ್ತರ ಎಷ್ಟು, ಎದೆ ಎಷ್ಟು, ಹೇಳಿದ್ದು ಮಾಡ್ತಾನೋ ಇಲ್ಲವೋ.

1902ರಲ್ಲಿ ಕರ್ಜನ್ ಕಾಲಕ್ಕೆ ಆಂಡ್ರೂ ಫ್ರೇಜರ್ ಅಧ್ಯಕ್ಷತೆಯಲ್ಲಿ ಇನ್ನೊಂದು ಪೋಲೀಸ್ ಆಯೋಗ ಬಂತು. 1903ರ ಅವರ ವರದಿ ಸರಕಾರಕ್ಕೇ ಮುಜುಗರ ಆಗುವಷ್ಟು ಕಟುವಾಗಿತ್ತು. ಪೋಲೀಸಿನಲ್ಲಿ ತರಬೇತಿ ಇಲ್ಲ, ಮೇಲ್ವಿಚಾರಣೆ ಇಲ್ಲ, ಜನ ಇವರನ್ನು ಲಂಚಕೋರರು ದಬ್ಬಾಳಿಕೆಯವರು ಅಂತಲೇ ನೋಡುತ್ತಾರೆ ಎಂದು ಅವರೇ ಬರೆದರು. ಸರಿ, ಪರಿಹಾರ? ಕಾನ್‌ಸ್ಟೇಬಲ್ಲನಿಗೆ ಕನಿಷ್ಠ ಸಂಬಳ ತಿಂಗಳಿಗೆ 8 ರೂಪಾಯಿ ಇರಲಿ ಎಂದರು. ಅನೇಕ ಕಡೆ ಅದೂ ಇರಲಿಲ್ಲ, ಇದ್ದುದರಲ್ಲೇ ಬಟ್ಟೆಬರೆಗೆ ಅಂತ ಕಡಿತ ಬೇರೆ.

8 ರೂಪಾಯಿ ಅಂದರೆ 128 ಆಣೆ. 30 ದಿನಕ್ಕೆ ಹಂಚಿದರೆ ದಿನಕ್ಕೆ ನಾಲ್ಕು ಆಣೆ ಚಿಲ್ಲರೆ. ದಿನ ಅಂದರೆ ಎಷ್ಟು ಗಂಟೆ? 1861ರ ಕಾಯಿದೆಯ 22ನೇ ಕಲಮು ಹೇಳುತ್ತದೆ, ಪೋಲೀಸಿನವನು ಯಾವಾಗಲೂ ಕರ್ತವ್ಯದ ಮೇಲೆ ಇದ್ದಾನೆಂದೇ ಎಣಿಸತಕ್ಕದ್ದು ಅಂತ. ಕೂಲಿಯವನಾದರೂ ಸಂಜೆ ಗುದ್ದಲಿ ತೊಳೆದು ಮನೆಗೆ ಹೋಗುತ್ತಿದ್ದ. ಅವನಿಗಿಂತ ಒಂದಿಂಚು ಎತ್ತರ ಅಂದೆನಲ್ಲ, ಗಂಟೆಯ ಲೆಕ್ಕ ಹಿಡಿದರೆ ಆ ಒಂದಿಂಚೂ ಉಳಿಯೋದಿಲ್ಲ.

ಅದೇ ವರದಿಯಲ್ಲಿ ಠಾಣೆಯ ಮುಖ್ಯಸ್ಥನಾಗಿ ಸಬ್ ಇನ್‌ಸ್ಪೆಕ್ಟರ್ ಇರಬೇಕು, ಅವನನ್ನು ಓದಿದವರಿಂದ ನೇರ ಆಯ್ಕೆ ಮಾಡಬೇಕು, 50ರಿಂದ 100 ರೂಪಾಯಿ ಕೊಡಬೇಕು ಎಂದರು. ಒಳ್ಳೆಯದೇ. ಆದರೆ ಜೊತೆಗೇ ಕಾನ್‌ಸ್ಟೇಬಲ್ಲನಿಗೆ ಯಾಂತ್ರಿಕವಾದ ಕೆಲಸ ಮಾತ್ರ ಕೊಡಿ, ತನಿಖೆ ಗಿನಿಖೆ ಅವನ ಕೈಗೆ ಬೇಡ ಅಂದರು. ಕಾವಲು ನಿಲ್ಲೋದು, ಕೈದಿಯನ್ನು ಕೋರ್ಟಿಗೆ ಕರಕೊಂಡು ಹೋಗೋದು, ಗಸ್ತು ತಿರುಗೋದು. ಬುದ್ಧಿಯ ಕೆಲಸ 50 ರೂಪಾಯಿಯವನಿಗೆ, ಮೈಕೈಯ ಕೆಲಸ 8 ರೂಪಾಯಿಯವನಿಗೆ. ನಡುವೆ ಒಂದು ಗೆರೆ. ಈ ಗೆರೆಯನ್ನು ನೆನಪಿಡಿ, ಮುಂದೆ ಇದು ಮತ್ತೆ ಬರ್ತದೆ.

ಈಗ ಬೇರೆ ಇಲಾಖೆ ನೋಡೋಣ. ಆ ಕಾಲಕ್ಕೆ ಐ.ಸಿ.ಎಸ್. ಮಾಡಿ ಬಂದ ಹುಡುಗನಿಗೆ ಅಸಿಸ್ಟೆಂಟ್ ಕಲೆಕ್ಟರ್ ಆಗಿ ಶುರುವಿನಲ್ಲೇ ತಿಂಗಳಿಗೆ 400 ರೂಪಾಯಿ. ಒಬ್ಬ ಹೊಸ ಸಾಹೇಬ 50 ಕಾನ್‌ಸ್ಟೇಬಲ್ಲುಗಳಿಗೆ ಸಮ. ಜಿಲ್ಲಾ ಕಲೆಕ್ಟರನಾದರೆ ಎರಡು ಸಾವಿರ ದಾಟುತ್ತಿತ್ತು. ನಿವೃತ್ತನಾಗಿ ಇಂಗ್ಲೆಂಡಿಗೆ ಹೋದ ಮೇಲೆ ವರ್ಷಕ್ಕೆ 1000 ಪೌಂಡ್ ಪಿಂಚಣಿ. ಆಗಿನ ವಿನಿಮಯ ಪೌಂಡಿಗೆ 15 ರೂಪಾಯಿ. 15,000 ಭಾಗಿಸು 12, ತಿಂಗಳಿಗೆ 1250 ರೂಪಾಯಿ. ಅದರಲ್ಲಿ ಅವನ ಸಂಬಳದಿಂದ ಕಡಿದುಕೊಂಡದ್ದೂ ಸೇರಿತ್ತು ಅನ್ನುತ್ತಾರೆ, ಇರಲಿ, ನ್ಯಾಯವಾಗಿ ಅದನ್ನೂ ಹೇಳಬೇಕು. ಆದರೂ ಕೆಲಸ ಮಾಡದೆ ಬೆಂಕಿ ಕಾಯಿಸಿಕೊಂಡು ಕೂತ ಒಬ್ಬ ಮುದುಕ, ಇಲ್ಲಿ ರಾತ್ರಿ ಗಸ್ತು ತಿರುಗುವ 156 ಕಾನ್‌ಸ್ಟೇಬಲ್ಲುಗಳಿಗೆ ಸಮ. ನಮ್ಮ ಅಕೌಂಟೆನ್ಸಿ ಪುಸ್ತಕದಲ್ಲಿ ಇಂಥ ಲೆಕ್ಕ ಯಾಕೋ ಕೊಡೋದಿಲ್ಲ.

ಐ.ಸಿ.ಎಸ್.ನವರು ಕಷ್ಟಪಟ್ಟು ಓದಿದವರು, ಅವರಿಗೆ ಸಿಗಲಿ ಅಂತ ಯಾರಾದರೂ ಅನ್ನಬಹುದು. ಓದಿದ್ದರು, ಒಪ್ಪುತ್ತೇನೆ. 1855ರಿಂದ ಅದು ಬಹಿರಂಗ ಸ್ಪರ್ಧಾ ಪರೀಕ್ಷೆ. ಆದರೆ ಪರೀಕ್ಷೆ ನಡೆಯುತ್ತಿದ್ದುದು ಲಂಡನ್ನಿನಲ್ಲಿ. 1863ರಲ್ಲಿ ಮೊದಲ ಭಾರತೀಯನಾಗಿ ಪಾಸಾದ ಸತ್ಯೇಂದ್ರನಾಥ ಟಾಗೋರರು ಮುಂದೆ ನಮ್ಮ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು, ಅಣ್ಣನ ಮನೆಗೆ ಬಂದ ರವೀಂದ್ರರು ಅಲ್ಲಿಯ ಕಡಲು ನೋಡಿ ಮನಸೋತರು. ಇದು ಕೂಟದ ಎಲ್ಲರಿಗೂ ಗೊತ್ತಿರುವ ವಿಷಯ. ಗೊತ್ತಿಲ್ಲದ್ದು ಏನೆಂದರೆ, ಪೋಲೀಸ್ ಇಲಾಖೆಯ ಮೇಲ್ದರ್ಜೆಗೆ 1893ರಲ್ಲಿ ಲಂಡನ್ನಿನಲ್ಲಿ ಪರೀಕ್ಷೆ ಶುರುವಾದಾಗ ಅದಕ್ಕೆ ಭಾರತೀಯ ಕೂಡುವ ಹಾಗೇ ಇರಲಿಲ್ಲ. ಕಲೆಕ್ಟರ್ ಆಗೋದಕ್ಕೆ ಹಡಗು ಹತ್ತುವ ದುಡ್ಡಿದ್ದರೆ ದಾರಿ ಇತ್ತು, ಎಸ್.ಪಿ. ಆಗೋದಕ್ಕೆ ಆ ದಾರಿಯೂ ಇಲ್ಲ. 1920ರ ಹೊತ್ತಿಗೆ ಬಾಗಿಲು ತೆರೆಯಿತು. ಲೆಕ್ಕದ ಪುಸ್ತಕವನ್ನು ನಂಬಿ ಕೊಟ್ಟರೂ ಕೊಟ್ಟಾರು, ಬಂದೂಕನ್ನು ಕೊಡುವಾಗ ಚರ್ಮದ ಬಣ್ಣ ನೋಡಿದರು.

ಮತ್ತೆ ಆ ಬಿಳಿಯ ಪೋಲೀಸ್ ಸಾಹೇಬ ಎಷ್ಟು ಓದಿದ್ದ? ಇದು ನನಗೆ ಬಹಳ ಮಜಾ ಕೊಟ್ಟ ಸಂಗತಿ. ಐ.ಸಿ.ಎಸ್.ಗೆ ಬರುತ್ತಿದ್ದವರು ಹೆಚ್ಚಾಗಿ ವಿಶ್ವವಿದ್ಯಾಲಯ ಮುಗಿಸಿದವರು. ಪೋಲೀಸಿಗೆ ಬರುತ್ತಿದ್ದವರು ಸ್ಕೂಲು ಬಿಟ್ಟ ಹುಡುಗರು, ನಮ್ಮ ವಯಸ್ಸಿನವರು. ನಾವೆಲ್ಲ ಓದುವ ಜಾರ್ಜ್ ಆರ್ವೆಲ್ ಇದ್ದಾನಲ್ಲ, ಅವನು 1922ರಲ್ಲಿ 19ನೇ ವಯಸ್ಸಿಗೆ ಇಂಡಿಯನ್ ಇಂಪೀರಿಯಲ್ ಪೋಲೀಸ್ ಸೇರಿ ಬರ್ಮಾಕ್ಕೆ ಬಂದವನು. ಬರ್ಮಾ ಆಗ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ್ಯ. ಈಟನ್ ಶಾಲೆ ಮುಗಿಸಿದ್ದ, ಕಾಲೇಜಿನ ಮೆಟ್ಟಲು ಹತ್ತಿರಲಿಲ್ಲ. ಅವನಪ್ಪ ಬಿಹಾರದ ಮೋತಿಹಾರಿಯಲ್ಲಿ ಅಫೀಮು ಇಲಾಖೆಯ ನೌಕರ. ಒಂದೇ ಮನೆಯಲ್ಲಿ ಸಾಮ್ರಾಜ್ಯದ ಎರಡು ಇಲಾಖೆ! ನಮ್ಮ ಗೆಳತಿಯ ಮಾತಿನ ಪ್ರಕಾರ ಆರ್ವೆಲ್ಲೂ ಓದು ತಲೆಗೆ ಹತ್ತದವನೇ ಆಗಬೇಕು. ಆದರೆ ಅವನಿಗೆ ಯಾರೂ ಕೂಲಿಯ ಲೆಕ್ಕದಲ್ಲಿ ಸಂಬಳ ಕೊಡಲಿಲ್ಲ. ಅವನ ಕೈಕೆಳಗೆ ವಯಸ್ಸಾದ, ಭಾಷೆ ಬಲ್ಲ, ಊರು ಬಲ್ಲ ದಫೇದಾರರು ಸೆಲ್ಯೂಟು ಹೊಡೆದುಕೊಂಡು ನಿಂತಿರುತ್ತಿದ್ದರು. ಅರ್ಹತೆ ಅನ್ನುವ ಮಾತು ಎಷ್ಟು ಸಲೀಸಾಗಿ ಹಿಗ್ಗುತ್ತದೆ, ಎಷ್ಟು ಸಲೀಸಾಗಿ ಕುಗ್ಗುತ್ತದೆ ನೋಡಿ.

ಹಳ್ಳಿ ಮಟ್ಟದಲ್ಲಿ ರೆವಿನ್ಯೂ ಕಡೆ ಹೇಗಿತ್ತು ಅಂದರೆ, ಶ್ಯಾನುಭೋಗನ ಅರ್ಹತೆ ಶ್ಯಾನುಭೋಗನ ಮಗನಾಗಿರೋದು. ಸಂಬಳ ಅವನಿಗೂ ಹೇಳಿಕೊಳ್ಳುವಂಥದ್ದಲ್ಲ. ಆದರೆ ಇನಾಮು ಜಮೀನು ಇತ್ತು, ಊರಲ್ಲಿ ಮನೆ ಇತ್ತು, ಅಕ್ಷರ ಇತ್ತು. ಅವನನ್ನು ಯಾರೂ ರಾತ್ರಿ ಮಳೆಯಲ್ಲಿ ಹೆಣ ಕಾಯೋದಕ್ಕೆ ನಿಲ್ಲಿಸಲಿಲ್ಲ. (ಈ ಹುದ್ದೆಗಳು ಕರ್ನಾಟಕದಲ್ಲಿ 1960ರ ದಶಕದಲ್ಲಿ ಹೋದವು, ಇಲ್ಲಿ ಆಂಧ್ರದಲ್ಲಿ 1984ರಲ್ಲಿ ಎನ್.ಟಿ.ಆರ್. ಒಂದೇ ಏಟಿಗೆ ತೆಗೆದರು. ಇಲ್ಲಿಯ ಹಿರಿಯರು ಈಗಲೂ ಕರಣಂ ಅಂದರೆ ಸ್ವಲ್ಪ ದನಿ ತಗ್ಗಿಸುತ್ತಾರೆ.) ಫಾರೆಸ್ಟ್ ಗಾರ್ಡಿನ ಸ್ಥಿತಿ ಕಾನ್‌ಸ್ಟೇಬಲ್ಲಿನ ಹಾಗೇ ಇತ್ತು, ಅವನ ಮೇಲಿನ ದೂರುಗಳೂ ಅವೇ. ಸೌದೆ ಹೊರೆಗೆ ಮಾಮೂಲು, ಕುರಿಗೆ ಮಾಮೂಲು.

ಈ ಮಾಮೂಲು ಅನ್ನುವ ಶಬ್ದವನ್ನು ತೆಲುಗಿನವರೂ ನಾವೂ ಒಂದೇ ಅರ್ಥದಲ್ಲಿ ಆಡುತ್ತೇವೆ. ವಾಡಿಕೆ, ಯಾವಾಗಲೂ ಇರೋದು ಅಂತ. ನನಗನ್ನಿಸುತ್ತದೆ, 8 ರೂಪಾಯಿ ಗೊತ್ತು ಮಾಡಿದ ಸಾಹೇಬನಿಗೆ ಅದರಲ್ಲಿ ಸಂಸಾರ ನಡೆಯೋದಿಲ್ಲ ಅಂತ ಗೊತ್ತಿರಲಿಲ್ಲವೆ? ಗೊತ್ತಿತ್ತು. ಉಳಿದದ್ದನ್ನು ಸಂತೆಯವನು, ಗಾಡಿಯವನು, ಹೆಂಡದಂಗಡಿಯವನು ಕೊಡುತ್ತಾನೆ ಅಂತಲೂ ಗೊತ್ತಿತ್ತು. ಖಜಾನೆಯಿಂದ ಕೊಡಬೇಕಾದ ಸಂಬಳದ ಒಂದು ಭಾಗವನ್ನು ಬಡವರ ಮೇಲೆ ನೇರವಾಗಿ ಹಾಕಿಬಿಟ್ಟರು, ರಸೀದಿ ಇಲ್ಲದ ತೆರಿಗೆ. ಆಮೇಲೆ ಆಯೋಗ ಮಾಡಿ ಪೋಲೀಸಿನವನು ಲಂಚಕೋರ ಅಂತ ಬರೆದರು.

ಇದಕ್ಕೆ ನಮ್ಮ ಕೋಣೆಯ ಗೆಳೆಯ ಒಂದು ಒಳ್ಳೆಯ ಪ್ರಶ್ನೆ ಹಾಕಿದ. "ಹಳ್ಳಿ ಮೇಷ್ಟ್ರಿಗೂ ಸಂಬಳ ಕಡಿಮೆನೇ ಇತ್ತಲ್ಲೋ, ಅವರು ಯಾರನ್ನ ಕಿತ್ತು ತಿಂದ್ರು?" ಅಂತ. ಎರಡು ದಿನ ಉತ್ತರ ಹೊಳೆಯಲಿಲ್ಲ. ಮೇಷ್ಟ್ರ ಹತ್ತಿರ ಬೆತ್ತ ಇತ್ತು, ಆದರೆ ಊರಿನ ದೊಡ್ಡ ಮನುಷ್ಯನನ್ನು ರಾತ್ರಿ ಕೂಡಿಹಾಕುವ ಅಧಿಕಾರ ಇರಲಿಲ್ಲ. ತಹಸೀಲ್ದಾರನಿಗೆ ಸಂಬಳ ಇತ್ತು, ಅಧಿಕಾರವೂ ಇತ್ತು, ಅವನೂ ಕಿಟ್ಟಿ ಹಾಕಿಸಿದ. ಆದ್ದರಿಂದ ಸಂಬಳ ಒಂದರಿಂದಲೇ ಎಲ್ಲ ಕೆಟ್ಟಿತು ಅಂತ ನಾನು ಹೇಳೋದಿಲ್ಲ. ಠಾಣೆಯಲ್ಲಿ ಹೊಡೆಸಿಕೊಂಡವನ ಮುಂದೆ ನಿಂತು "ಪಾಪ ಅವನಿಗೆ ಸಂಬಳ ಕಡಿಮೆ ಕಣಪ್ಪ" ಅನ್ನೋದಕ್ಕೆ ನನಗೆ ಬಾಯಿ ಬರೋದಿಲ್ಲ. ಆದರೆ ಕಡಿಮೆ ಸಂಬಳ ಮತ್ತು ಜಾಸ್ತಿ ಅಧಿಕಾರ ಎರಡನ್ನೂ ಒಬ್ಬನ ಜೇಬಿಗೆ ತುರುಕಿದ್ದು ಯಾರು, ಅದರಿಂದ ಯಾರಿಗೆ ಲಾಭ ಎಂದು ಕೇಳಲೇಬೇಕು.

ಇದರ ಫಲ ನೋಡೋದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಮಧುರವಾಡದಿಂದ ಪಶ್ಚಿಮಕ್ಕೆ ಕಾಣುವ ಬೆಟ್ಟಗಳ ಸಾಲು ಹಿಡಿದು ಹೋದರೆ ಏಜೆನ್ಸಿ ಪ್ರದೇಶ. 1879ರ ರಂಪಾ ದಂಗೆಯ ಹಿಂದೆ ಈಚಲ ಹೆಂಡದ ಮೇಲಿನ ತೆರಿಗೆ, ಗುತ್ತಿಗೆದಾರರು, ಅವರ ಜೊತೆ ಸೇರಿಕೊಂಡ ಪೋಲೀಸರ ಕಾಟ ಇತ್ತು. ದಂಗೆಕೋರರು ಮೊದಲು ಸುಟ್ಟದ್ದರಲ್ಲಿ ಠಾಣೆಗಳೂ ಸೇರಿದ್ದವು. 1922ರಲ್ಲಿ ಅಲ್ಲೂರಿ ಸೀತಾರಾಮರಾಜು ಎದ್ದಾಗ ಜನರಿಗೆ ಹೆಚ್ಚು ಸಿಟ್ಟಿದ್ದದ್ದು ಬಾಸ್ಟಿಯನ್ ಎಂಬ ಗೂಡೆಂ ಡೆಪ್ಯುಟಿ ತಹಸೀಲ್ದಾರನ ಮೇಲೆ. ನರ್ಸೀಪಟ್ನದಿಂದ ಮೇಲಕ್ಕೆ ಹೋಗುವ ರಸ್ತೆಗೆ ಬೆಟ್ಟದ ಜನರನ್ನು ದುಡಿಸಿಕೊಂಡು ಕೂಲಿ ಸರಿಯಾಗಿ ಕೊಡದವನು ಅವನು. ತಪ್ಪು ರೆವಿನ್ಯೂ ಇಲಾಖೆಯದು, ಏಟು ಬಿದ್ದದ್ದು ಪೋಲೀಸ್ ಠಾಣೆಗಳಿಗೆ, ಯಾಕೆಂದರೆ ಬಂದೂಕು ಇದ್ದದ್ದು ಅಲ್ಲಿ. ಆಗಸ್ಟ್ 22 ಚಿಂತಪಲ್ಲಿ, 23 ಕೃಷ್ಣದೇವಿಪೇಟ, 24 ರಾಜವೊಮ್ಮಂಗಿ. ತಗೊಂಡ ಮದ್ದುಗುಂಡಿಗೆ ಸಹಿ ಮಾಡಿದ ಚೀಟಿ ಬಿಟ್ಟು ಹೋಗುತ್ತಿದ್ದ ಅಂತ ಇಲ್ಲಿ ಚಹಾದಂಗಡಿಯಲ್ಲಿ ಕೂಡ ಹೇಳುತ್ತಾರೆ.

ನನಗೆ ಮುಖ್ಯವಾಗಿ ಕಂಡದ್ದು ಸೆಪ್ಟೆಂಬರ್ 24ರ ದಾಮನಪಲ್ಲಿ ಘಟನೆ. ಕಣಿವೆಯಲ್ಲಿ ಪೋಲೀಸ್ ತುಕಡಿ ಸಾಲಾಗಿ ಬರುತ್ತಿದೆ. ಮುಂದೆ ಭಾರತೀಯ ಪೇದೆಗಳು. ರಾಜುವಿನ ಕಡೆಯವರು ಮೇಲೆ ಅವಿತಿದ್ದಾರೆ. ಪೇದೆಗಳನ್ನು ಹೋಗಲು ಬಿಟ್ಟರು. ಹಿಂದೆ ಬಂದ ಸ್ಕಾಟ್ ಕವರ್ಡ್ ಮತ್ತು ಹೇಯ್ಟರ್ ಎಂಬ ಇಬ್ಬರು ಬಿಳಿ ಅಧಿಕಾರಿಗಳನ್ನು ಹೊಡೆದರು. ಬಿಲ್ಲು ಹಿಡಿದ ಬೆಟ್ಟದ ಮನುಷ್ಯನಿಗೆ ಗೊತ್ತಿತ್ತು, ಒಂದೇ ಖಾಕಿಯಲ್ಲಿ ಎರಡು ಜಾತಿ ಇದೆ ಅಂತ. ಅಲ್ಲಿ ಗೊತ್ತಾದದ್ದು ನಮ್ಮ ಕೂಟದಲ್ಲಿ ಗೊತ್ತಾಗಲಿಲ್ಲ ಅನ್ನೋದು ನನ್ನ ತಕರಾರು. (ಎಲ್ಲ ಕಡೆ ಹೀಗೇ ಆಯಿತು ಅಂತೇನೂ ಇಲ್ಲ. 1942ರಲ್ಲಿ ನಮ್ಮ ಈಸೂರಿನಲ್ಲಿ ಸಿಟ್ಟಿಗೆದ್ದ ಜನರ ಕೈಗೆ ಸಿಕ್ಕಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಒಟ್ಟಿಗೇ ಸತ್ತರು. ಅದಕ್ಕಾಗಿ ಐವರು ಗಲ್ಲಿಗೇರಿದರು.)

1946ರ ಹೊತ್ತಿಗೆ ಕಾನ್‌ಸ್ಟೇಬಲ್ಲಿಗೂ ಇದೆಲ್ಲ ಸಾಕಾಗಿತ್ತು. ಬಿಹಾರದಲ್ಲಿ, ನಮ್ಮ ಮದ್ರಾಸ್ ಪ್ರಾಂತ್ಯದ ಮಲಬಾರ್ ಸ್ಪೆಷಲ್ ಪೋಲೀಸಿನಲ್ಲಿ ಮುಷ್ಕರ ನಡೆಯಿತು. ನೌಕಾಪಡೆಯ ದಂಗೆಯನ್ನು ಪಠ್ಯಪುಸ್ತಕದಲ್ಲಿ ಓದುತ್ತೇವೆ, ಇದನ್ನು ಓದೋದಿಲ್ಲ. ಸ್ವಾತಂತ್ರ್ಯ ಬಂತು. ಮುಷ್ಕರ ಮಾಡಿದವರನ್ನು ಯಾರಾದರೂ ನೆನೆದರೆ? 1966ರಲ್ಲಿ ಪೋಲೀಸರ ಹಕ್ಕುಗಳನ್ನು ನಿರ್ಬಂಧಿಸುವ ಕೇಂದ್ರದ ಕಾಯಿದೆಯೇ ಬಂತು. ಮಿಕ್ಕ ಇಲಾಖೆಯ ನೌಕರರಿಗೆ ಸಂಘ ಇದೆ, ಬಾವುಟ ಇದೆ, ಕಚೇರಿ ಮುಂದೆ ಕೂತು ಧಿಕ್ಕಾರ ಕೂಗುವ ಸ್ವಾತಂತ್ರ್ಯ ಇದೆ. ಪೋಲೀಸಿನವನು ಆ ಧಿಕ್ಕಾರಕ್ಕೆ ಬಂದೋಬಸ್ತು ನಿಲ್ಲಬೇಕು.

1977ರಲ್ಲಿ ಜನತಾ ಸರಕಾರ ರಾಷ್ಟ್ರೀಯ ಪೋಲೀಸ್ ಆಯೋಗ ಮಾಡಿತು. ಅಧ್ಯಕ್ಷರು ಧರ್ಮವೀರ, ಐ.ಸಿ.ಎಸ್.ನವರು, ಅದಕ್ಕೆ ಮುಂಚೆ ಮೈಸೂರು ರಾಜ್ಯಪಾಲರಾಗಿದ್ದವರು. 1979ರ ಮೊದಲ ವರದಿಯಲ್ಲಿ ಅವರು ಕಾನ್‌ಸ್ಟೇಬಲ್ಲನನ್ನು ಕುಶಲ ಕೆಲಸಗಾರ ಅಂತ ಎಣಿಸಿ ಸಂಬಳ ಕೊಡಿ ಎಂದರು. ಯೋಚಿಸಿ, ಇದನ್ನು ಹೇಳೋದಕ್ಕೆ 119 ವರ್ಷ ಹಿಡಿಯಿತು! ಅವನನ್ನು ಬರೀ ಯಂತ್ರದ ಹಾಗೆ ಬಳಸಬೇಡಿ, ಸಾಹೇಬರ ಮನೆಯ ಆರ್ಡರ್ಲಿ ಪದ್ಧತಿ ನಿಲ್ಲಿಸಿ ಎಂದೂ ಆಯೋಗ ಹೇಳಿತು. 1981ರ ತನಕ ಒಟ್ಟು ಎಂಟು ವರದಿ ಕೊಟ್ಟರು. ಹೆಚ್ಚಿನದು ಬೀರುವಿಗೆ ಹೋಯಿತು.

ಇನ್ನು ನಮ್ಮ ಕಾಲಕ್ಕೆ ಬರೋಣ. 2016ರ ಜೂನ್ 4ರಂದು ಕರ್ನಾಟಕದ ಪೋಲೀಸರು ಸಾಮೂಹಿಕ ರಜೆ ಹಾಕುತ್ತೇವೆ ಎಂದಿದ್ದು ನಿಮಗೆ ನೆನಪಿರಬಹುದು. ನಾನಾಗ ಸಣ್ಣವನು. ನಮ್ಮ ಅಣ್ಣ, ಅಂದರೆ ದೊಡ್ಡಪ್ಪನ ಮಗ, ರಜೆ ಹಾಕಲಿಲ್ಲ. ದೊಡ್ಡಮ್ಮ ಅಳುತ್ತಾ ಫೋನು ಮಾಡಿ "ಯಾವ ಚೀಟಿಗೂ ಸಹಿ ಮಾಡಬ್ಯಾಡಪ್ಪ" ಅಂದದ್ದು ಮಾತ್ರ ನನಗೆ ನೆನಪಿದೆ. ಆ ಚಳವಳಿಯನ್ನು ಮುರಿದರು, ಆದರೆ ಸಂಬಳದ ಮಾತು ಉಳಿಯಿತು. ಹಿರಿಯ ಪೋಲೀಸ್ ಅಧಿಕಾರಿ ರಾಘವೇಂದ್ರ ಔರಾದ್ಕರ್ ಅವರ ಸಮಿತಿ ಅದೇ ವರ್ಷ ವರದಿ ಕೊಟ್ಟಿತು. ಸಮಾನ ಅರ್ಹತೆಯ ಬೇರೆ ಇಲಾಖೆಯ ಹುದ್ದೆಗಳ ಜೊತೆಗೆ ಹೋಲಿಸಿ ನೋಡಿದ ವರದಿ ಅದು. ಜಾರಿಗೆ ಬಂದದ್ದು 2019ರ ಆಗಸ್ಟಿನಿಂದ, ಅದೂ ಅರೆಬರೆ. ಹಳಬರಿಗೆ ಸರಿಯಾಗಿ ಸಿಗಲಿಲ್ಲ ಎಂಬ ತಕರಾರು ಆಮೇಲೂ ಹೋಗಲಿಲ್ಲ.

ಅಂಕಿ ಹೇಳುತ್ತೇನೆ. 2018ರ ವೇತನ ಶ್ರೇಣಿಯಲ್ಲಿ ಪಿ.ಯು.ಸಿ. ಓದಿದ ದ್ವಿತೀಯ ದರ್ಜೆ ಸಹಾಯಕನಿಗೆ ಮೂಲ ವೇತನ 21,400 ರೂಪಾಯಿಯಿಂದ ಶುರು. ಪಿ.ಯು.ಸಿ. ಓದಿದ ಸಿವಿಲ್ ಕಾನ್‌ಸ್ಟೇಬಲ್ಲನಿಗೂ 21,400. ಔರಾದ್ಕರ್ ವರದಿಯ ನಂತರ ಕಾನ್‌ಸ್ಟೇಬಲ್ಲಿನದು 23,500 ಆಯಿತು. ವ್ಯತ್ಯಾಸ 2,100. ಭತ್ಯೆಗಳು ಬೇರೆ ಇವೆ, ಅವು ದೊಡ್ಡವೇನೂ ಅಲ್ಲ. ಅಂದರೆ ಗುಮಾಸ್ತನ ಭಾನುವಾರ, ಅವನ ಯುಗಾದಿ ದೀಪಾವಳಿ, ರಾತ್ರಿ ನಿದ್ದೆ, ಕಲ್ಲು ಬೀಳದ ತಲೆ, ಇವೆಲ್ಲ ಸೇರಿ ದಿನಕ್ಕೆ 70 ರೂಪಾಯಿ. ನಮ್ಮಪ್ಪನ ಹೋಟೆಲಿನಲ್ಲಿ ಆ ದುಡ್ಡಿಗೆ ಎರಡು ಮಸಾಲೆ ದೋಸೆ ಬರೋದಿಲ್ಲ. 2024ರ ಆಗಸ್ಟಿನಿಂದ ಏಳನೇ ವೇತನ ಆಯೋಗದ ಶ್ರೇಣಿ ಬಂದು ಎಲ್ಲರ ಅಂಕಿಯೂ ಮೇಲೇರಿದೆ, ಸರಿ. ಎಲ್ಲರದ್ದೂ ಏರಿದರೆ ಹೋಲಿಕೆ ಇದ್ದಲ್ಲೇ ಇರ್ತದೆ.

ಆದರೆ ಪೋಲೀಸ್ ಇಲಾಖೆಗೇ ಅನ್ಯಾಯ ಅಂತ ಸಾರಾಸಗಟು ಹೇಳಿದರೆ ನಾನು ಸುಳ್ಳುಗಾರ ಆಗ್ತೀನಿ. ಅದೇ 2018ರ ಪಟ್ಟಿಯಲ್ಲಿ ಡಿಗ್ರಿ ಓದಿದ ಪ್ರಥಮ ದರ್ಜೆ ಸಹಾಯಕನಿಗೆ 27,650ರಿಂದ ಶುರು. ಡಿಗ್ರಿ ಓದಿದ ಪೋಲೀಸ್ ಸಬ್ ಇನ್‌ಸ್ಪೆಕ್ಟರಿಗೆ 37,900. ಇಲ್ಲಿ ಪೋಲೀಸಿನವನೇ ಮುಂದೆ, ಬಹಳ ಮುಂದೆ. ಕಂಡಿತೇ ಆ ಹಳೆಯ ಗೆರೆ? ಫ್ರೇಜರ್ ಸಾಹೇಬ 1903ರಲ್ಲಿ 8 ರೂಪಾಯಿಗೂ 50 ರೂಪಾಯಿಗೂ ನಡುವೆ ಎಳೆದದ್ದು. ಅಂತರ ಮೊದಲಿನಷ್ಟಿಲ್ಲ, ನಿಜ. ಗೆರೆ ಇದ್ದ ಜಾಗದಲ್ಲೇ ಇದೆ. ಗೆರೆ ದಾಟೋದಕ್ಕೆ ಜನ ಎಷ್ಟು ದುಡ್ಡು ಸುರಿಯಲು ತಯಾರಿದ್ದಾರೆ ಅನ್ನೋದನ್ನು ಕರ್ನಾಟಕದ 545 ಪಿ.ಎಸ್.ಐ. ಹುದ್ದೆಗಳ ಪರೀಕ್ಷೆಯಲ್ಲಿ ನೋಡಿದೆವು. ಉತ್ತರ ಪತ್ರಿಕೆಯನ್ನೇ ತಿದ್ದಿದ ಅಕ್ರಮ ಹೊರಬಿದ್ದು 2022ರಲ್ಲಿ ಆ ಪರೀಕ್ಷೆಯನ್ನೇ ರದ್ದು ಮಾಡಿದರು. ಲಕ್ಷಗಟ್ಟಲೆ ಕೊಟ್ಟು 37,900ರ ಕೆಲಸ ಕೊಳ್ಳುವವನು ಅದನ್ನು ಎಲ್ಲಿಂದ ವಾಪಸು ತೆಗೀತಾನೆ? ಇವನಿಗೆ ಓದೂ ಇದೆ, ಸಂಬಳವೂ ಇದೆ. ಇವನ ಪರವಾಗಿ ನಾನು ಒಂದು ಅಕ್ಷರ ಬರೆಯೋದಿಲ್ಲ.

ಹೋದ ಸಂಕ್ರಾಂತಿಗೆ ಊರಿಗೆ ಹೋದಾಗ ಅಣ್ಣ ಸಿಕ್ಕಿದ್ದ. ಅವನು ಬಿ.ಎ. ಮಾಡಿದ್ದಾನೆ, ಕುವೆಂಪು ತೇಜಸ್ವಿ ಎಲ್ಲ ಓದಿದವನು, ಒಂದು ಕಾಲಕ್ಕೆ ನನಗೆ ಪುಸ್ತಕದ ರುಚಿ ಹಚ್ಚಿದ್ದೂ ಅವನೇ. ಹಬ್ಬದ ಬಂದೋಬಸ್ತು ಮುಗಿಸಿ ಎರಡನೇ ದಿನ ಮಧ್ಯಾಹ್ನ ಬಂದ, ಊಟಕ್ಕೆ ಕೂತಲ್ಲೇ ತೂಕಡಿಸಿದ. ಪೋಲೀಸ್ ಪರೀಕ್ಷೆಗೆ ಅರ್ಜಿ ಹಾಕಲೇನೋ ಅಂತ ಕೇಳಿದೆ. "ಹಾಕು. ಆದ್ರೆ ಗುಮಾಸ್ತನ ಅರ್ಜಿ ಮೊದ್ಲು ಹಾಕು" ಅಂದ. ಯಾಕೆ ಅಂದರೆ ನಕ್ಕು ಸುಮ್ಮನಾದ. ಆಮೇಲೆ ಕೈ ತೊಳೆಯುವಾಗ, "ಮಂದಿ ನಮ್ಮನ್ನ ನೋಡಿ ಹೆದರ್ತಾರೋ, ಇಲ್ಲ ನಗ್ತಾರೆ. ಮಾತಾಡ್ಸೋರು ಕಡಿಮೆ" ಅಂದ.

ನಗುವವರಲ್ಲಿ ಹೋದ ತಿಂಗಳು ನಾನೂ ಒಬ್ಬನಾಗಿದ್ದೆ ಅಂತ ಅವನಿಗೆ ಹೇಳಿಲ್ಲ. ಈ ಸಂಚಿಕೆ ಬಂದ ಮೇಲೆ ಒಂದು ಪ್ರತಿ ಅವನಿಗೆ ಅಂಚೆಯಲ್ಲಿ ಕಳಿಸಬೇಕೆಂದಿದ್ದೇನೆ. ಗೆಳತಿಯವರು ಇದಕ್ಕೆ ಉತ್ತರ ಬರೆಯುವುದಾದರೆ ದಯವಿಟ್ಟು ಸಿಟ್ಟಿನಿಂದ ಬರೆಯಲಿ, ಆದರೆ ಅಂಕಿ ಸಮೇತ ಬರೆಯಲಿ. ಮೇಷ್ಟ್ರುಗಳ ಸಂಬಳದ ವಿಷಯ ನಾನು ಮುಟ್ಟಿಲ್ಲ, ಅವರ ತಂದೆ ಮೇಷ್ಟ್ರು, ಅದನ್ನು ಅವರೇ ಚೆನ್ನಾಗಿ ಬರೆದಾರು. ಅರ್ಜಿ ಎರಡೂ ಇನ್ನೂ ಮೇಜಿನ ಮೇಲಿವೆ.